ಕಿಯೆಮ್ ಮೇಷ್ಟ್ರ ಕಾಲು ಅಂಕ

ಕಿಯೆಮ್ ಮೇಷ್ಟ್ರು ಕೆಟ್ಟವರು ಎಂದು ನಮ್ಮೂರು ಕಾಯ್ ಬಾಂಗಿನಲ್ಲಿ ಯಾರೂ ಹೇಳುವುದಿಲ್ಲ. ಒಳ್ಳೆಯವರು ಎಂದೂ ಹೇಳುವುದಿಲ್ಲ. ಗಣಿತದವರು ಎಂದು ಹೇಳಿ ಸುಮ್ಮನಾಗುತ್ತಾರೆ.

ಹದಿನೆಂಟು ವರ್ಷದಿಂದ ಅವರಿಗೆ ಬೆಳಗ್ಗೆ ಆರು ಗಂಟೆಗೆ ಕಾಫಿ ಕೊಡುತ್ತಿರುವವಳು ನಾನು. ಶಾಲೆಯ ಗೇಟಿನ ಎದುರಿಗೆ, ಕಾಲುವೆ ದಂಡೆಯಲ್ಲಿ ನನ್ನ ಅಂಗಡಿ. ಆರು ಪ್ಲಾಸ್ಟಿಕ್ ಸ್ಟೂಲು, ಎರಡು ಗಿಡ್ಡ ಮೇಜು, ಮೂರು ಜೋಲಿ, ಒಂದು ಫ್ಯಾನು, ಹಿಂದುಗಡೆ ಬಾತುಕೋಳಿಗಳು. ಮೇಷ್ಟ್ರಿಗೆ ಐಸ್ ಹಾಕಿದ ಕರಿ ಕಾಫಿ, ಒಂದು ಚಮಚ ಸಕ್ಕರೆ. ಒಂದೂಕಾಲು ಚಮಚ ಹಾಕಿದರೆ ಅವರಿಗೆ ಗೊತ್ತಾಗುತ್ತದೆ. ಪರೀಕ್ಷೆ ಮಾಡಿ ನೋಡಿದ್ದೇನೆ.

ನನ್ನ ಹೆಸರು ತಾಮ್, ಎಂದರೆ ಎಂಟು. ನಾನು ಏಳನೆಯ ಮಗಳು. ನಮ್ಮ ಕಡೆ ಚೊಚ್ಚಲ ಮಗುವನ್ನೇ ‘ಎರಡು’ ಎಂದು ಕರೆಯುತ್ತೇವೆ. ಒಂದು ಎಂದರೆ ದೆವ್ವದ ಕಣ್ಣು ಅದರ ಮೇಲೆ ಬೀಳುತ್ತದಂತೆ. ಮೇಷ್ಟ್ರು ಇದನ್ನು ಇವತ್ತಿಗೂ ಸಹಿಸಿಲ್ಲ. “ಎಣಿಸೋದನ್ನ ಎರಡರಿಂದ ಶುರು ಮಾಡೋ ಜನಕ್ಕೆ ನಾನು ಲೆಕ್ಕ ಹೇಳ್ಕೊಡ್ಬೇಕು. ನನ್ನ ಹಣೆಬರಹ ನೋಡು ತಾಮ್,” ಎನ್ನುತ್ತಾರೆ. ಅವರ ಮನೆಯಲ್ಲೂ ಅವರು ಚೊಚ್ಚಲ. ಅವರ ಅಮ್ಮ ಸಾಯುವ ತನಕ ಅವರನ್ನು ‘ಎರಡೂ, ಊಟಕ್ಕೆ ಬಾರೋ’ ಎಂದೇ ಕರೆದದ್ದು.

ಮೇಷ್ಟ್ರಿಗೆ ಊರಿನಲ್ಲಿ ಹೆಸರು ಬಂದದ್ದು ಕಾಲು ಅಂಕದಿಂದ. ಒಂಬತ್ತನೆಯ ಕ್ಲಾಸು ಮುಗಿಸಿದ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಹತ್ತಕ್ಕೆ ಸೇರಬೇಕಾದರೆ ಜೂನಿನಲ್ಲಿ ಪರೀಕ್ಷೆ ಬರೆಯಬೇಕು. ಸೀಟು ಕಡಿಮೆ, ಮಕ್ಕಳು ಜಾಸ್ತಿ. ಗಣಿತದ ಪತ್ರಿಕೆಯಲ್ಲಿ ಒಂದು ವರ್ಗಸಮೀಕರಣ ಇದ್ದೇ ಇರುತ್ತದೆ, ಮದುವೆ ಮನೆಯಲ್ಲಿ ಒಬ್ಬ ಕುಡುಕ ಇದ್ದೇ ಇರುವ ಹಾಗೆ. ಅದರ ಎರಡು ಮೂಲಗಳು ಯಾವುವು ಎಂದು ಬಿಡಿಸದೆಯೇ ಅವುಗಳ ವಿಷಯ ಹೇಳಬೇಕು. ನಡುವಿನ ಸಹಗುಣಕದ ಚಿಹ್ನೆ ತಿರುಗಿಸಿದರೆ ಮೂಲಗಳ ಮೊತ್ತ, ಕೊನೆಯ ಅಂಕಿಯೇ ಅವುಗಳ ಗುಣಲಬ್ಧ. ಮುಖ ನೋಡದೆ ಜಾತಕ ಹೇಳಿದಂತೆ. ಇಷ್ಟು ವರ್ಷ ಕಾಫಿ ಕೊಟ್ಟದ್ದಕ್ಕೆ ನನಗೆ ಬಂದಿರುವ ಗಣಿತ ಇಷ್ಟು.

ಪೇಚು ಏನೆಂದರೆ, ಮೂಲಗಳೇ ಇಲ್ಲದ ಸಮೀಕರಣಕ್ಕೂ ಮೊತ್ತ ಸಿಗುತ್ತದೆ, ಗುಣಲಬ್ಧ ಸಿಗುತ್ತದೆ. ಅದಕ್ಕೇ ಮೊದಲು ಡೆಲ್ಟಾ ಎಂಬುದನ್ನು ಲೆಕ್ಕ ಹಾಕಿ, ಅದು ಸೊನ್ನೆಗಿಂತ ಕಡಿಮೆ ಇಲ್ಲ, ಮೂಲಗಳು ಇವೆ ಎಂದು ಮೇಲೆ ಒಂದು ಸಾಲು ಬರೆಯಬೇಕು. ಆ ಸಾಲಿಗೆ ಕಾಲು ಅಂಕ. ಆ ಸಾಲು ಇಲ್ಲದಿದ್ದರೆ ಕೆಳಗೆ ಬಂಗಾರವನ್ನೇ ಬರೆದಿದ್ದರೂ ಕಿಯೆಮ್ ಮೇಷ್ಟ್ರು ಕಾಲು ಅಂಕ ಕತ್ತರಿಸುತ್ತಿದ್ದರು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಬೇಡ್ರೋ,” ಎಂದು ಮೂವತ್ತು ವರ್ಷ ಕೂಗಿದರು. ಒಂದೊಂದು ಉತ್ತರಪತ್ರಿಕೆಯನ್ನೂ ಇಬ್ಬರು ಬೇರೆ ಬೇರೆ ಕೂತು ತಿದ್ದಬೇಕು, ಅಂಕ ತಾಳೆಯಾಗದಿದ್ದರೆ ಎದುರುಬದುರು ಕೂತು ಒಪ್ಪಂದಕ್ಕೆ ಬರಬೇಕು. ಮೇಷ್ಟ್ರ ಎದುರು ಕೂತವರು ಒಪ್ಪಂದಕ್ಕೆ ಬರುತ್ತಿದ್ದರು. ಮೇಷ್ಟ್ರು ಬರುತ್ತಿರಲಿಲ್ಲ. ಕ್ರಮೇಣ ಜಿಲ್ಲೆಯ ಗಣಿತದವರೆಲ್ಲ ಅವರ ಶಿಷ್ಯರೇ ಆದರು, ತಕರಾರೂ ನಿಂತಿತು.

ಈ ಬುದ್ಧಿ ಪತ್ರಿಕೆಗೆ ಮಾತ್ರ ಇತ್ತು ಎಂದುಕೊಳ್ಳಬೇಡಿ. ನನ್ನ ತಂಗಿಗೆ ಒಬ್ಬ ದಲ್ಲಾಳಿ ಸಂಬಂಧ ತಂದಿದ್ದ. ಎರಡೂ ಕಡೆಯ ತೋಟ ಸೇರಿದರೆ ಇಷ್ಟಾಗುತ್ತದೆ, ಹುಟ್ಟುವ ಮಕ್ಕಳು ಹೀಗಿರುತ್ತಾರೆ ಎಂದು ಒಂದು ಗಂಟೆ ಹೇಳಿದ. ಪಕ್ಕದ ಸ್ಟೂಲಿನಿಂದ ಮೇಷ್ಟ್ರು ಕೇಳಿದ್ದು ಒಂದೇ ಮಾತು: “ಹುಡುಗ ಇದ್ದಾನಾ?” ಹುಡುಗ ಇರಲಿಲ್ಲ. ಫೋಟೋ ಇತ್ತು. ತಂಗಿ ಇವತ್ತು ಬೇರೆ ಊರಿನಲ್ಲಿ ಸುಖವಾಗಿದ್ದಾಳೆ, ಆ ಋಣಕ್ಕೆ ನಾನು ಮೇಷ್ಟ್ರ ಎಲ್ಲ ಕೊಂಕನ್ನೂ ನುಂಗಿಕೊಂಡು ಬಂದೆ.

ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗ ಸೊಸೆ ಇಬ್ಬರೂ ಬಿನ್ ಯೂಂಗಿನ ಶೂ ಕಾರ್ಖಾನೆಯಲ್ಲಿದ್ದಾರೆ, ವರ್ಷಕ್ಕೊಮ್ಮೆ ಹೊಸವರ್ಷದ ತೆತ್ ಹಬ್ಬಕ್ಕೆ ಬರುತ್ತಾರೆ. ಮೊಮ್ಮಗಳು ಸೆನ್ ಆರು ವರ್ಷದವಳಿದ್ದಾಗಿನಿಂದ ಅಜ್ಜನ ಜೊತೆ. ಅಜ್ಜನಿಗೆ ಅನ್ನ ಬೇಯಿಸಲು ಬರುತ್ತದೆ, ಮೀನು ಬೇಯಿಸಲು ಬರುವುದಿಲ್ಲ, ಆದ್ದರಿಂದ ಆ ಹುಡುಗಿ ಅರ್ಧ ಬೆಳೆದದ್ದು ನನ್ನ ಅಡುಗೆಮನೆಯಲ್ಲೇ. ನನ್ನನ್ನು ಅತ್ತೆ ಎನ್ನುತ್ತಾಳೆ. ಮಾತು ಕಡಿಮೆ, ನೋಟ ಜಾಸ್ತಿ.

ಈ ಸಲ ಪರೀಕ್ಷೆ ಬರೆದವಳು ಅವಳು. ಮನೆಯವರು ಪರೀಕ್ಷೆಗೆ ಕೂತರೆ ಮೌಲ್ಯಮಾಪನಕ್ಕೆ ಹೋಗುವಂತಿಲ್ಲ ಎಂದು ಕಾನೂನು. ಮೇಷ್ಟ್ರು ತಾವೇ ಮೊದಲು ಬರೆದುಕೊಟ್ಟು ಹೊರಗುಳಿದರು. ಮುಂದಿನ ಮಾರ್ಚಿಗೆ ನಿವೃತ್ತಿ, ಅವರ ಪಾಲಿನ ಕೊನೆಯ ಮೌಲ್ಯಮಾಪನ ಹಾಗೆ ತಪ್ಪಿತು. ಆ ವಾರವೆಲ್ಲ ನನ್ನ ಅಂಗಡಿಯಲ್ಲಿ ಕೂತು, ದೂರದಲ್ಲಿ ಯಾರೋ ಯಾರಿಗೋ ಸುಮ್ಮನೆ ಅಂಕ ಕೊಡುತ್ತಿದ್ದಾರೆ ಎಂದು ಸಂಕಟಪಟ್ಟರು.

ಫಲಿತಾಂಶ ಬಂತು. ನಮ್ಮೂರಿನ ಸರ್ಕಾರಿ ಶಾಲೆಗೆ ಮೂರು ವಿಷಯ ಸೇರಿ ಮೂವತ್ತಕ್ಕೆ ಇಪ್ಪತ್ತೊಂದೂವರೆ ಬೇಕಿತ್ತು. ಸೆನ್‌ಗೆ ಬಂದದ್ದು ಇಪ್ಪತ್ತೊಂದೂಕಾಲು.

ಕಾಲು ಅಂಕ ಎಲ್ಲಿ ಹೋಯಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಆದರೂ ನಾನು ಕೇಳಿದೆ.

“ಮೇಲಿನ ಸಾಲು ಬರೀಲಿಲ್ಲ ಅತ್ತೆ,” ಎಂದಳು ಸೆನ್.

“ಅಯ್ಯೋ ನಿನ್ನ! ಕಿಯೆಮ್ ಮೇಷ್ಟ್ರ ಮೊಮ್ಮಗಳಾಗಿ ಮರೆತ್ಯಾ?”

“ಮರೀಲಿಲ್ಲ. ಬೇಕಾಗಿರ್ಲಿಲ್ಲ.”

ಮೇಷ್ಟ್ರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಏನಂದೆ?”

ಅವಳು ಹೇಳಿದಳು. ಮೂಲಗಳ ವರ್ಗಗಳ ಮೊತ್ತ ಹತ್ತು ಬರುವಂತೆ ‘ಎಮ್’ ಎಷ್ಟು ಎಂದು ಕಂಡುಹಿಡಿಯುವುದು ಪ್ರಶ್ನೆ. ಲೆಕ್ಕ ಮಾಡಿದಾಗ ಎರಡು ಉತ್ತರ ಬಂದವು, ಒಂದು ಮತ್ತು ಮೈನಸ್ ಐದು. ಅವಳು ಎರಡನ್ನೂ ತೆಗೆದುಕೊಂಡುಹೋಗಿ ಸಮೀಕರಣದಲ್ಲಿ ಹಾಕಿ ನೋಡಿದ್ದಾಳೆ. ಒಂದನ್ನು ಹಾಕಿದರೆ ಮೂಲಗಳು ಒಂದು ಮತ್ತು ಮೂರು, ಕಣ್ಣೆದುರಿಗೇ ಬಂದು ನಿಂತವು. ಮೈನಸ್ ಐದು ಹಾಕಿದರೆ x² + 8x + 27. ಎರಡು ಅಂಕಿ, ಕೂಡಿದರೆ ಮೈನಸ್ ಎಂಟು, ಗುಣಿಸಿದರೆ ಇಪ್ಪತ್ತೇಳು.

“ಎರಡಕ್ಕೂ ಮೈನಸ್ಸು ಇರತ್ತೆ, ಅದನ್ನ ಬಿಡಿ,” ಎಂದು ಅವಳು ನನ್ನ ಕಡೆ ತಿರುಗಿದಳು. “ಅತ್ತೆ, ಬಾತುಕೋಳಿಗೆ ಹದಿನಾರು ಮೀಟರ್ ಬಲೆ ತಂದಿದ್ರಲ್ಲ. ಸುತ್ತ ಕಟ್ಟಿದ್ರೆ ಉದ್ದ ಅಗಲ ಸೇರಿ ಎಂಟು. ಏಳು ಉದ್ದ ಒಂದಗಲ ಮಾಡಿದ್ರೆ ಜಾಗ ಎಷ್ಟು?”

“ಏಳು. ಬಾತುಕೋಳಿ ತಿರುಗೋಕೂ ಆಗಲ್ಲ.”

“ಐದು, ಮೂರು ಮಾಡಿದ್ರೆ?”

“ಹದಿನೈದು.”

“ನಾಲ್ಕು ನಾಲ್ಕು ಮಾಡಿದ್ರೆ ಹದಿನಾರು. ಅದೇ ಜಾಸ್ತಿ. ಅದಕ್ಕಿಂತ ಮೇಲೆ ಹೋಗಲ್ಲ. ಇಪ್ಪತ್ತೇಳು ಎಲ್ಲಿಂದ ಬರತ್ತೆ?”

“ಎಲ್ಲಿಂದಲೂ ಬರಲ್ಲ,” ಎಂದೆ. ಬಲೆಯ ಅಂಗಡಿಯವನ ಜೊತೆ ಜಗಳ ಆಡಿ ನನಗೆ ಇದು ಚೆನ್ನಾಗಿ ಗೊತ್ತಿತ್ತು.

“ಅದನ್ನೇ ಬರೆದೆ. ಮೂಲ ಇಲ್ಲ, ಮೈನಸ್ ಐದು ಬೇಡ. ಕೂಸು ಹುಟ್ಟಿದೆಯೋ ಇಲ್ವೋ ಅಂತ ತೊಟ್ಟಿಲಲ್ಲೇ ಬಗ್ಗಿ ನೋಡಿದ್ದೀನಿ. ಆಮೇಲೂ ಸರ್ಟಿಫಿಕೇಟ್ ಬೇಕಾ ಅಜ್ಜ?”

ಮೇಷ್ಟ್ರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಹದಿನೆಂಟು ವರ್ಷದಲ್ಲಿ ಅದು ಮೊದಲು.

ಎರಡು ದಿನ ಅವರು ಮೊಮ್ಮಗಳ ಲೆಕ್ಕದಲ್ಲಿ ತಪ್ಪು ಹುಡುಕಿದರು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ನನ್ನ ಅಂಗಡಿಯ ಕೈ ಒರೆಸುವ ಕಾಗದವನ್ನೆಲ್ಲ ಖಾಲಿ ಮಾಡಿದರು. ಮೂರನೆಯ ಬೆಳಗ್ಗೆ ಬಂದು ಸ್ಟೂಲಿನ ಮೇಲೆ ಕೂತು, “ಸರಿ ಇದೆ ತಾಮ್,” ಎಂದರು. ಮನೆಯಲ್ಲಿ ಸಾವಾಗಿದೆ ಎನ್ನುವ ದನಿಯಲ್ಲಿ.

“ಸರಿ ಇದ್ರೆ ಸಂತೋಷ ಅಲ್ವಾ ಮೇಷ್ಟ್ರೇ?”

“ಎಷ್ಟು ಮಕ್ಕಳು ಹೀಗೆ ಬರೆದಿದ್ರೋ. ಎಷ್ಟು ಜನಕ್ಕೆ ಕತ್ತರಿಸಿದ್ನೋ. ಹೆಸರು ಇರಲ್ಲ ಪತ್ರಿಕೆ ಮೇಲೆ. ಹುಡುಕೋಣ ಅಂದ್ರೂ ಆಗಲ್ಲ.”

ನನಗೆ ಅವರ ಮೇಲೆ ಕನಿಕರವೂ ಬಂತು, ಚೂರು ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಲಿ. ತಾವು ತೋಡಿದ ಗುಂಡಿಗೆ ತಾವೇ ಬೀಳುವವರನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ದಿನಾ ಸಿಗುವುದಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ಸೀಟು ಸಿಕ್ಕಿದ್ದ ಒಂದು ಹುಡುಗಿಯ ಮನೆಯವರು ಕಾನ್ ತೊ ಪಟ್ಟಣಕ್ಕೆ ಹೋಗುತ್ತಿದ್ದಾರೆ, ಶಾಲೆಯಲ್ಲಿ ಒಂದು ಸೀಟು ಖಾಲಿ. ಮರುಮೌಲ್ಯಮಾಪನದಲ್ಲಿ ಇಪ್ಪತ್ತೊಂದೂವರೆ ಮುಟ್ಟಿದವರಿಗೆ ಅದು. ಒಬ್ಬರಿಗಿಂತ ಹೆಚ್ಚು ಮುಟ್ಟಿದರೆ ಒಂಬತ್ತನೆಯ ಕ್ಲಾಸಿನ ಸರಾಸರಿ ಯಾರದು ಮೇಲೋ ಅವರಿಗೆ. ಅರ್ಜಿ ಹಾಕಲು ಶುಕ್ರವಾರ ಸಂಜೆ ಐದರವರೆಗೆ ಸಮಯ.

ಬುಧವಾರ ಲುವಾನ್ ಬಂದ. ಮೇಷ್ಟ್ರ ಹಳೆಯ ಶಿಷ್ಯ, ಈಗ ಜಿಲ್ಲೆಯಲ್ಲಿ ಗಣಿತದ ಪತ್ರಿಕೆಗಳನ್ನು ಹೇಗೆ ತಿದ್ದಬೇಕು ಎಂದು ಹೇಳುವವನೇ ಅವನು. ಹೆಲ್ಮೆಟ್ ತೆಗೆಯದೆಯೇ ಮೇಷ್ಟ್ರಿಗೆ ಕೈಮುಗಿದ.

“ಮೇಷ್ಟ್ರೇ, ಸೆನ್ ಬರೆದಿದ್ದನ್ನ ಅವಳ ಬಾಯಲ್ಲೇ ಕೇಳ್ದೆ. ಅರ್ಜಿ ಹಾಕ್ಸಿ. ಕಾಲು ಅಂಕ ಬರತ್ತೆ.”

“ನಿಯಮ ಹಾಗಿಲ್ವಲ್ಲಪ್ಪ.”

“ನಿಯಮ ನೀವು ಮಾಡಿದ್ದು. ನಿಮ್ಮ ತಲೆ ಕೂದಲು ಇನ್ನೂ ಕಪ್ಪಿದ್ದಾಗ ನಾನು ಇದೇ ಥರದ್ದೊಂದು ಪತ್ರಿಕೆಗೆ ನಿಮ್ಮ ಜೊತೆ ಒಂದಿಡೀ ಮಧ್ಯಾಹ್ನ ಜಗಳ ಆಡಿದ್ದೆ. ನೆನಪಿದೆಯಾ?”

“ಇದೆ.”

“ಆ ಪತ್ರಿಕೆ ಸರಿ ಇತ್ತಾ?”

ಮೇಷ್ಟ್ರು ಐಸನ್ನು ಚಮಚದಲ್ಲಿ ತಿರುಗಿಸಿದರು. “ಸರಿ ಇತ್ತು.”

“ಇದನ್ನ ಒಂದು ಕಾಗದದಲ್ಲಿ ಬರೆದು ಕೊಡಿ. ಮೇಲಿನ ಸಾಲು ಇಲ್ದೆ ಇದ್ರೂ ಮೂಲ ಇದೆಯೋ ಇಲ್ವೋ ಅಂತ ಯಾವ ದಾರೀಲಿ ತೋರಿಸಿದ್ರೂ ಅಂಕ ಕೊಡ್ಬೇಕು ಅಂತ. ನಿಮ್ಮ ಸಹಿ ಇದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ.”

ಮೇಷ್ಟ್ರು ಬರೆದರು. ಅಕ್ಷರ ನೆಟ್ಟಗಿತ್ತು, ಕಿವಿ ಮಾತ್ರ ಕೆಂಪಾಗಿತ್ತು. ಮೂವತ್ತು ವರ್ಷದ ಮೇಷ್ಟರಿಕೆಯನ್ನು ಆರು ಸಾಲಿನಲ್ಲಿ ತಪ್ಪು ಎಂದು ಬರೆದು ಶಿಷ್ಯನ ಕೈಗೆ ಕೊಡುವುದು ಸಣ್ಣ ಮಾತಲ್ಲ. ಆ ಹೊತ್ತು ನನಗೆ ಅವರ ಮೇಲೆ ನಿಜವಾಗಿ ಗೌರವ ಬಂತು, ಕಾಫಿಗೆ ಅರ್ಧ ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಟ್ಟೆ. ಅವರಿಗೆ ಗೊತ್ತಾಗಲಿಲ್ಲ.

“ಎಷ್ಟು ಜನ ಅರ್ಜಿ ಹಾಕಿದ್ದಾರೆ?” ಎಂದು ಕೇಳಿದರು.

ಲುವಾನ್ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ. “ಗಣಿತಕ್ಕೆ? ಯಾರೂ ಇಲ್ಲ. ಮೇಲಿನ ಸಾಲು ಬಿಟ್ರೆ ಕಾಲು ಅಂಕ ಹೋಗತ್ತೆ ಅಂತ ಈ ಜಿಲ್ಲೇಲಿ ಹುಟ್ಟಿದ ಮಗೂಗೂ ಗೊತ್ತು. ಯಾರು ಅರ್ಜಿ ಹಾಕ್ತಾರೆ?” ಗಾಡಿಯ ಕಡೆ ತಿರುಗಿ, “ಸೀಟು ಸೆನ್‌ದೇ ಮೇಷ್ಟ್ರೇ. ಅರ್ಜಿ ಹಾಕಿ ಆರಾಮಾಗಿರಿ,” ಎಂದು ಗಾಡಿ ಹತ್ತಿದ.

ಆರಾಮಾಗಿರಿ ಎಂದು ಹೇಳಿದ್ದೇ ತಪ್ಪಾಯಿತು. ಗುರುವಾರ ಬೆಳಗ್ಗೆ ಸೆನ್ ಅರ್ಜಿ ಹಾಕಿ ಬಂದಳು. ಮೇಷ್ಟ್ರು ಮಾತ್ರ ಕಾಲುವೆ ನೋಡುತ್ತಾ ಕೂತಿದ್ದರು.

“ಆಚೆ ದಡದ ಮೀ ಗೊತ್ತಲ್ಲ ನಿಂಗೆ?” ಎಂದರು.

ಗೊತ್ತಿತ್ತು. ದೋಣಿ ದಾಟಿಸುವವನ ಮಗಳು. ಭಾನುವಾರ ಭಾನುವಾರ ಮೇಷ್ಟ್ರ ಹತ್ತಿರ ಪಾಠಕ್ಕೆ ಬರುತ್ತಿದ್ದಳು, ಬರುವಾಗ ಒಂದು ಗೊನೆ ಬಾಳೆಹಣ್ಣು ತರುತ್ತಿದ್ದಳು.

“ಅವಳದೂ ಇಪ್ಪತ್ತೊಂದೂಕಾಲು. ಫಲಿತಾಂಶದ ದಿನ ಅಳ್ತಾ ಬಂದಿದ್ಲು. ಮೇಲಿನ ಸಾಲು ಬರೀಲಿಲ್ಲ ಮೇಷ್ಟ್ರೇ, ಬೇರೆ ದಾರೀಲಿ ತೋರಿಸ್ದೆ ಅಂದ್ಲು. ನಾನು, ನಿಯಮ ನಿಯಮಾನೇ ಅಂತ ಹೇಳಿ ಕಳಿಸ್ದೆ.”

“ಅವಳ ಸರಾಸರಿ ಎಷ್ಟು?”

“ಎಂಟು ಪಾಯಿಂಟ್ ಒಂಬತ್ತು.”

“ಸೆನ್‌ದು?”

“ಎಂಟು ಪಾಯಿಂಟ್ ಆರು.”

“ಹಾಗಾದ್ರೆ ಬಾಯಿ ಮುಚ್ಕೊಂಡು ಕಾಫಿ ಕುಡೀರಿ,” ಎಂದೆ. ಹಿರಿಯರಿಗೆ ಹಾಗೆ ಹೇಳಬಾರದು. ಹೇಳಿದೆ.

“ಅವಳಿಗೆ ತಪ್ಪು ಹೇಳಿ ಕಳಿಸಿದವನು ನಾನು ತಾಮ್.”

“ಲಕ್ಷ ಜನಕ್ಕೆ ಹೇಳಿದ್ದೀರಿ! ಇವತ್ತೇ ಯಾಕೆ ಸರಿ ಮಾಡ್ಬೇಕು? ಸೋಮವಾರ ಹೋಗಿ ಹೇಳಿ. ನಾನೇ ಜೊತೇಲಿ ಬರ್ತೀನಿ, ಕೇಕ್ ತಗೊಂಡು.”

“ಶುಕ್ರವಾರ ಐದಕ್ಕೆ ಮುಗಿಯತ್ತಲ್ಲ.”

“ಅದಕ್ಕೇ ಸೋಮವಾರ ಅಂದಿದ್ದು! ಆ ಮಗು ಒಂಬತ್ತು ವರ್ಷದಿಂದ ಅಪ್ಪ ಅಮ್ಮನ್ನ ಬಿಟ್ಟು ನಿಮ್ಮ ಬೇಯದ ಮೀನು ತಿಂದ್ಕೊಂಡು ಬಿದ್ದಿದೆ. ಅದಕ್ಕೊಂದು ಸೀಟು ಬೇಡ್ವಾ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀವೇ ನೋಡಿ!”

ಅವರು ಹಣ ಸ್ಟೂಲಿನ ಮೇಲಿಟ್ಟು ಎದ್ದರು. ಸೈಕಲ್ಲು ದೋಣಿಕಟ್ಟೆಯ ಕಡೆಗೆ ತಿರುಗಿತು. ನಾನು ಹಿಂದಿನಿಂದ ಕೂಗಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಮೀಯ ಅಪ್ಪ ನಂಬಲೇ ಇಲ್ಲವಂತೆ. “ನಿಮ್ಮದೇ ನಿಯಮ ಅಲ್ವಾ ಮೇಷ್ಟ್ರೇ, ಈಗ ನೀವೇ ಬೇಡ ಅಂತೀರಲ್ಲ, ಏನೋ ಇದೆ ಇದರಲ್ಲಿ,” ಎಂದು ಅನುಮಾನಪಟ್ಟನಂತೆ. ಮೇಷ್ಟ್ರು ಶುಕ್ರವಾರ ಮತ್ತೊಮ್ಮೆ ದೋಣಿ ದಾಟಿ, ಅರ್ಜಿಯನ್ನು ತಾವೇ ತುಂಬಿ, ಅವನ ಕೈಯಿಂದ ಸಹಿ ಹಾಕಿಸಿ, ನಾಲ್ಕೂವರೆಗೆ ಕೊಟ್ಟು ಬಂದರಂತೆ. ಇದೆಲ್ಲ ಮಾಡಿ ಮನೆಗೆ ಹೋಗಿ ಮೊಮ್ಮಗಳಿಗೂ ಹೇಳಿದ್ದಾರೆ. ಮುಚ್ಚಿಡುವ ಬುದ್ಧಿಯಾದರೂ ದೇವರು ಕೊಟ್ಟಿದ್ದರೆ!

ಹತ್ತು ದಿನದ ಮೇಲೆ ಪಟ್ಟಿ ಅಂಟಿಸಿದರು. ಸೆನ್‌ಗೆ ಇಪ್ಪತ್ತೊಂದೂವರೆ. ಮೀಗೆ ಇಪ್ಪತ್ತೊಂದೂವರೆ. ಸೀಟು ಮೀಗೆ.

ಸೆನ್ ಅತ್ತಳು ಎಂದುಕೊಂಡಿರಾ? ಇಲ್ಲ. ಮುಂದುವರಿಕೆ ಶಿಕ್ಷಣ ಕೇಂದ್ರದ ಫಾರ್ಮ್ ತಂದು ತಾನೇ ತುಂಬಿದಳು. ಅಲ್ಲಿ ಹೊಲಿಗೆ ಕಸುಬಿನ ಜೊತೆಗೆ ಹತ್ತನೆಯ ಕ್ಲಾಸು. ಅಜ್ಜನಿಗೆ ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಒಂದೇ ಒಂದು ಮಾತು ಆಡಲಿಲ್ಲ. ಒಂದು ವಾರ, ಎರಡು ವಾರ. ಮೇಷ್ಟ್ರು ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು, ನಾನೂ ಮಾತಾಡಿಸಲಿಲ್ಲ. ಕಾಫಿ ಇಟ್ಟು ಬರುತ್ತಿದ್ದೆ. ಅಷ್ಟು ಸಿಟ್ಟು ನನಗೆ.

ಹದಿನಾರನೆಯ ದಿನವೋ ಏನೋ, ಬೆಳಗ್ಗೆ ಸೆನ್ ಬಂದು ಅಜ್ಜನ ಎದುರಿನ ಸ್ಟೂಲಿನ ಮೇಲೆ ಕೂತಳು. ನಾನು ಲೋಟ ತೊಳೆಯುವುದನ್ನು ನಿಲ್ಲಿಸಿದೆ.

“ಅಜ್ಜ, ನೀವು ಆಚೆ ದಡಕ್ಕೆ ಹೋಗ್ದೆ ಇದ್ದಿದ್ರೆ ಸೀಟು ನಂದೇ ಅಲ್ವಾ?”

“ನಿಂದೇ.”

“ಗೊತ್ತಿದ್ದೂ ಹೋದ್ರಾ?”

“ಗೊತ್ತಿದ್ದೇ ಹೋದೆ.”

ಅವಳು ಮೇಜಿನ ಮೇಲೆ ಬಿದ್ದಿದ್ದ ಐಸು ಕರಗುವುದನ್ನು ನೋಡಿದಳು. “ಮೀ ಬರೆದಿದ್ದು ಸರಿ ಇತ್ತಾ?”

“ಸರಿ ಇತ್ತು.”

“ನನ್ನಷ್ಟೇ ಸರಿ ಇತ್ತಾ?”

ನಾನು ಅವಳ ಬೆನ್ನ ಹಿಂದಿನಿಂದ ಮೇಷ್ಟ್ರಿಗೆ ಕಣ್ಣು ಬಿಟ್ಟೆ. ಇಲ್ಲ ಎನ್ನಿ. ನಿನ್ನದೇ ಚೆಂದ ಇತ್ತು ಎನ್ನಿ. ಜನ್ಮದಲ್ಲಿ ಒಂದು ಸುಳ್ಳು ಹೇಳಿ ಸಾಯಿರಿ. ಅವರು ನನ್ನನ್ನು ನೋಡಿದರು ಕೂಡ.

“ನಿಂಗಿಂತ ಚೆನ್ನಾಗಿತ್ತು,” ಎಂದರು. “ನೀನು ಐದು ಸಾಲು ತಗೊಂಡೆ. ಅವಳು ಒಂದೇ ಸಾಲು.”

ಸೆನ್ ಸ್ಟೂಲನ್ನು ಹಿಂದಕ್ಕೆ ಸರಿಸಿದಳು. ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ.

“ತೋರಿಸಿ,” ಎಂದಳು.

ಮೇಷ್ಟ್ರು ಕೈ ಒರೆಸುವ ಕಾಗದ ಎಳೆದುಕೊಂಡು ಬರೆದರು: x² + 8x + 27 = (x + 4)² + 11. ಬರೆದು ಅವಳ ಕಡೆ ತಿರುಗಿಸಿದರು.

ನನಗೆ ಅದು ಏನೂ ತಿಳಿಯಲಿಲ್ಲ, ಆಮೇಲೆ ಸೆನ್ನೇ ಹೇಳಿಕೊಟ್ಟಳು. ಯಾವ ಅಂಕಿಯನ್ನು ಅದರಿಂದಲೇ ಗುಣಿಸಿದರೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲವಂತೆ. ಅದರ ಮೇಲೆ ಹನ್ನೊಂದು ಬೇರೆ ಕೂತಿದೆ. ಸೊನ್ನೆ ಆಗುವ ಮಾತೇ ಇಲ್ಲ.

ಸೆನ್ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಬೆರಳಿಟ್ಟು ಒಂದು ಸಲ ಎಡದಿಂದ ಬಲಕ್ಕೆ ಹೋದಳು.

“ಹೌದು,” ಎಂದಳು. “ಇದು ಚೆನ್ನಾಗಿದೆ.”

ಹಾಗೆಂದವಳೇ ಮೊದಲ ಸಲ ಅತ್ತಳು. ಮೇಜಿನ ಮೇಲೆ ತಲೆಯಿಟ್ಟು, ಚಿಕ್ಕ ಮಗು ಅಳುವ ಹಾಗೆ, ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಕೈಯನ್ನು ಅವಳ ತಲೆಯವರೆಗೂ ಒಯ್ದು, ಇಡಬಹುದೋ ಇಡಬಾರದೋ ತಿಳಿಯದೆ ಅಲ್ಲೇ ಗಾಳಿಯಲ್ಲಿ ಹಿಡಿದುಕೊಂಡಿದ್ದರು. ಅವರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಕಾಗದ ಇರಲಿಲ್ಲ, ಇದ್ದ ಒಂದೇ ಕಾಗದ ಮೊಮ್ಮಗಳ ಕೆನ್ನೆಯಡಿ ಇತ್ತು. ನಾನು ಹೋಗಿ ಅವರ ಕೈ ಹಿಡಿದು ಅವಳ ತಲೆಯ ಮೇಲೆ ಇಟ್ಟೆ. ಸೆನ್ ಅದನ್ನು ತಳ್ಳಲಿಲ್ಲ.